ಹೆಸರಿಡುವ ಸಮಿತಿ

ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ, ಆಳೆತ್ತರದ ಜೊಂಡಿನ ನಡುವೆ ಬದುಕುತ್ತಿದ್ದ ಆ ಜನರನ್ನು ಪೇಟೆಯವರು ಕೆಸರುಗಾಲಿನವರು ಎಂದು ಕರೆಯುತ್ತಿದ್ದರು. ಬೆಳಗಾದರೆ ಮೊಣಕಾಲುದ್ದ ಕೆಸರಿಗಿಳಿದು ಜೊಂಡು ಕೊಯ್ಯುವುದು, ಒಣಗಿಸಿ ಚಾಪೆ ಹೆಣೆದು ಮಾರುವುದು ಅವರ ಕಸುಬು. ಕಾಲಿನ ಕೆಸರು ನೀರು ಕಂಡರೆ ಹೋಗುತ್ತಿತ್ತು, ಹೆಸರು ಮಾತ್ರ ಹೋಗುತ್ತಿರಲಿಲ್ಲ. ಶಾಲೆಯ ದಾಖಲಾತಿಯಲ್ಲಿ ಅದೇ, ಆಸ್ಪತ್ರೆಯ ಚೀಟಿಯಲ್ಲಿ ಅದೇ, ಪೊಲೀಸರ ಕಡತದಲ್ಲಂತೂ ಕೆಂಪು ಶಾಯಿಯಲ್ಲಿ ಅದೇ. ಪೇಟೆಯ ಮಕ್ಕಳು ಜಗಳ ಆಡುವಾಗ "ಹೋಗೋ ಕೆಸರ್ಗಾಲ" ಅಂದುಬಿಟ್ಟರೆ ಮುಂದೆ ಇನ್ನೊಂದು ಬೈಗುಳ ಹುಡುಕಬೇಕಾಗುತ್ತಿರಲಿಲ್ಲ.

ಹೊಸ ಸರ್ಕಾರ ಬಂದಾಗ, ಮುಂದಿನ ಜನಗಣತಿಯೊಳಗೆ ಇಂಥ ಹೆಸರುಗಳನ್ನೆಲ್ಲ ತೆಗೆದು ಮರ್ಯಾದೆಯ ಹೆಸರುಗಳನ್ನು ಕೊಡಬೇಕೆಂದು ಒಂದು ಸಮಿತಿ ಮಾಡಿತು. ಸಮಿತಿಯ ನಿಜವಾದ ಹೆಸರು ಎಷ್ಟು ಉದ್ದವಿತ್ತೆಂದರೆ ಅದರ ಅಧ್ಯಕ್ಷರಿಗೇ ಬಾಯಿಪಾಠ ಬರುತ್ತಿರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅದನ್ನು ಹೆಸರಿಡುವ ಸಮಿತಿ ಅನ್ನುತ್ತಿದ್ದರು. "ಇದಕ್ಕೆ ಇಷ್ಟೊಂದು ಜನ ಯಾಕ್ರೀ ಬೇಕು? ನಮ್ಮತ್ತೆ ಒಬ್ಬಳನ್ನ ಕೂರಿಸಿದ್ರೆ ಸಾಕು, ಬೆಳಗಿಂದ ಸಂಜೆವರೆಗೂ ಎಲ್ಲದಕ್ಕೂ ಹೆಸರಿಡ್ತಾಳೆ" ಎಂದು ಟೈಪಿಸ್ಟ್ ಹೇಳಿದ ಮಾತು ಮಹಡಿಯಿಂದ ಮಹಡಿಗೆ ಹಬ್ಬಿತ್ತು.

ಸಮಿತಿಗೆ ಒಬ್ಬ ದುಭಾಷಿ ಬೇಕಾಯಿತು. ಅಳಿವೆಯ ಜನರ ಮಾತೂ ಪೇಟೆಯ ಮಾತೂ ಎರಡೂ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವಳು ಕೋರ್ಟಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳೇ. ಅವಳು ಆ ಜನರಲ್ಲೇ ಹುಟ್ಟಿದವಳು. ತಾಯಿ ತೀರಿಕೊಂಡಾಗ ಇನ್ನೂ ಹಾಲು ಬಿಡದ ಕೂಸನ್ನು ಎತ್ತಿಕೊಂಡು ಬಂದು ಸಾಕಿದವನು ತಾಯಿಯ ಅಣ್ಣ. ಅವಳಿಗೆ ಅವನು ದೊಡ್ಡಮಾವ, ಅವನ ಹೆಂಡತಿ ಅತ್ತೆ. ಕೆಸರುಗಾಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತಬಾರದೆಂದು ದೊಡ್ಡಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಯ ಶಾಲೆಯವರೆಗೂ ಹೊತ್ತು ಹೋಗಿ ಬಾಗಿಲಲ್ಲಿ ಇಳಿಸುತ್ತಿದ್ದ. ಅವಳು ಓದಿದಳು, ನೌಕರಿ ಹಿಡಿದಳು, ಪೇಟೆಯವನನ್ನೇ ಮದುವೆಯಾಗಿ ತನ್ನ ನೌಕರಿಗೆ ಸಿಕ್ಕ ಸರ್ಕಾರಿ ವಸತಿಗೃಹಕ್ಕೆ ಬಂದಳು. ಅವಳ ಮಗಳಿಗೆ ಅಳಿವೆಯ ಮಾತಿನ ಒಂದಕ್ಷರವೂ ಬರುತ್ತಿರಲಿಲ್ಲ, ಕಲಿಸಿಯೂ ಇರಲಿಲ್ಲ.

ಕಲಿಸದೆ ಇದ್ದುದಕ್ಕೆ ಕಾರಣವಿತ್ತು. ಅಳಿವೆಯ ಜನ ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು 'ಮಂಕ'. ಅವರ ಮಾತಿನಲ್ಲಿ ಮಂಕ ಎಂದರೆ ಮನುಷ್ಯ. ಪೇಟೆಯ ಮಾತಿನಲ್ಲಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದನೇ ತರಗತಿಯಲ್ಲಿ ಮೇಡಂ "ನೀನು ಯಾರ ಪೈಕಿ?" ಎಂದು ಕೇಳಿದಾಗ, ದೊಡ್ಡಮಾವ ಹೇಳಿಕೊಟ್ಟ ಹಾಗೆ ಎದೆಯೆತ್ತಿ "ನಾನು ಮಂಕ" ಅಂದಿದ್ದಳು. ಮೇಡಂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಾಲದ್ದಕ್ಕೆ ಪಕ್ಕದ ತರಗತಿಯ ಮೇಷ್ಟ್ರನ್ನು ಕೂಗಿ ಕರೆದು, "ಇನ್ನೊಂದು ಸಲ ಹೇಳು ಮರಿ" ಅಂದರು. ಅವಳು ಇನ್ನೊಂದು ಸಲ ಹೇಳಿದಳು. ಶಾಲೆ ಬಿಡುವ ತನಕ ಅವಳನ್ನು ಯಾರೂ ಬೇರೆ ಹೆಸರಿನಿಂದ ಕರೆಯಲಿಲ್ಲ.

ಸಮಿತಿಯ ಕೆಲಸಕ್ಕೆ ಸೇರುವಾಗ ಅವಳು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಸಾಕ್ಷಿ ಹೇಳುವವರಲ್ಲಿ ದುಭಾಷಿಯ ರಕ್ತಸಂಬಂಧಿಗಳು ಯಾರಾದರೂ ಇದ್ದಾರೆಯೇ ಎಂದು ಅದರಲ್ಲಿ ಕೇಳಿತ್ತು. ಅಳಿವೆಯ ಜನರ ಪರವಾಗಿ ಮಾತಾಡುವವನು ದೊಡ್ಡಮಾವನೇ ಎಂದು ಅವಳಿಗೆ ಗೊತ್ತಿತ್ತು. 'ಇದ್ದಾರೆ' ಎಂದು ಬರೆದರೆ ಚಾಪೆ ಚೌಕಾಸಿ ಮಾಡುತ್ತ ನಾಲ್ಕು ಮಾತು ಕಲಿತ ಯಾವನನ್ನೋ ತಂದು ಕೂರಿಸುತ್ತಾರೆ, ಅವನು ಮಾವನ ಮಾತನ್ನು ಕೊಂದುಹಾಕುತ್ತಾನೆ ಎಂದುಕೊಂಡು 'ಇಲ್ಲ' ಎಂದು ಬರೆದಳು.

ಸಮಿತಿ ಕೂತದ್ದು ಪುರಸಭೆಯ ಕಟ್ಟಡದ ಮೇಲ್ಮಹಡಿಯಲ್ಲಿ. ಉದ್ದನೆಯ ಮೇಜು, ಅದಕ್ಕೆ ಹಸಿರು ಬಟ್ಟೆ, ಸದಸ್ಯರ ಮುಂದೆ ಮುಚ್ಚಳವಿದ್ದ ನೀರಿನ ಲೋಟಗಳು. ಸಾಕ್ಷಿಗಳಿಗೆ ಒಂದು ಬೆಂಚು, ಲೋಟವಿಲ್ಲ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಎಲ್ಲರನ್ನೂ ನಗುನಗುತ್ತ ಮಾತಾಡಿಸುತ್ತಿದ್ದರು. ಅವರ ಬಲಕ್ಕೆ ಒಬ್ಬ ಪ್ರೊಫೆಸರ್. ಈ ಎಲ್ಲ ಜನರ ಬಗ್ಗೆ ದಪ್ಪದಪ್ಪ ಪುಸ್ತಕ ಬರೆದವರು. ಎಡಕ್ಕೆ ಸಮಿತಿಯ ಕಾರ್ಯದರ್ಶಿ, ನಡುವಯಸ್ಸಿನ ಹೆಂಗಸು. ಗಣತಿಯ ನಮೂನೆಯಲ್ಲಿ ಹೆಸರಿನ ಕಾಲಂ ಎಷ್ಟು ಅಗಲವಿದೆಯೆಂಬ ಲೆಕ್ಕ ಅವರ ತಲೆಯಲ್ಲೇ ಇತ್ತು.

ಬೆಳಗಿನಿಂದ ಬೇರೆ ಬೇರೆ ಜನರ ಸರದಿ ನಡೆದಿತ್ತು. ಬಯಲುಸೀಮೆಯ ಕುರಿಗಾಹಿಗಳು ತಮ್ಮನ್ನು 'ಸೂರ್ಯ ಮುಟ್ಟಿದವರು' ಎಂದು ಬರೆದುಕೊಳ್ಳಬೇಕೆಂದು ಕೇಳಿದರು.

"ಬಿಸಿಲು ನೆತ್ತಿಗೇರಿದೆ ಅಂತ ಕಾಣತ್ತೆ" ಅಂದರು ಅಧ್ಯಕ್ಷರು. ಮೇಜಿನ ಸುತ್ತ ನಗು ಎದ್ದಿತು.

"ಅಕ್ಷರ ಜಾಸ್ತಿ ಆಗತ್ತೆ ಸರ್, ಕಾಲಂನಲ್ಲಿ ಹಿಡಿಸಲ್ಲ" ಎಂದರು ಕಾರ್ಯದರ್ಶಿ.

ಕುರಿಗಾಹಿಗಳು ಬಯಲುವಾಸಿಗಳಾದರು. ಅವರ ಹಿಂದೆ ಬಂದ ಬೆಟ್ಟದವರು ಬಾಯಿ ತೆರೆಯುವ ಮೊದಲೇ ಗಿರಿವಾಸಿಗಳಾದರು.

ಅಳಿವೆಯವರ ಸರದಿ ಬಂದಾಗ ದೊಡ್ಡಮಾವ, ಅತ್ತೆ ಇಬ್ಬರೂ ಬರಿಗಾಲಲ್ಲಿ ಒಳಗೆ ಬಂದರು. ಜಮಖಾನೆ ಹೊಸದೆಂದು ಜವಾನ ಚಪ್ಪಲಿ ಹೊರಗೆ ಬಿಡಿಸಿದ್ದ, ಮೇಜಿನಾಚೆ ಎಲ್ಲರ ಕಾಲಲ್ಲೂ ಬೂಟಿತ್ತು. ಅತ್ತೆ ಬೆಂಚಿನ ತುದಿಯಲ್ಲಿ ಸೆರಗು ಬಿಗಿದುಕೊಂಡು ಕೂತಳು. ದೊಡ್ಡಮಾವ ಕೂರಲಿಲ್ಲ. ಹರಿದ ತೋಳನ್ನು ಒಳಕ್ಕೆ ಮಡಿಚಿ ಹೊಲಿದ ಅಂಗಿ ತೊಟ್ಟು, ನಿಂತೇ ಮಾತಾಡಿದ.

"ಕತ್ತಲಾದ ಮೇಲೆ ಯಾರಾದ್ರೂ ನಮ್ಮ ಬಾಗಿಲು ತಟ್ಟಿದ್ರೆ ನಾವು ಒಳಗಿಂದ 'ಮಂಕನಾ?' ಅಂತ ಕೇಳ್ತೀವಿ. ಹೊರಗಿದ್ದೋರು 'ಮಂಕ' ಅಂದ್ರೆ ಬಾಗಿಲು ತೆಗೀತೀವಿ. ನೀವು ಬಂದ್ರೂ ಅಷ್ಟೇ, ರಾಜ ಬಂದ್ರೂ ಅಷ್ಟೇ. ಎಲ್ಲಾರೂ ಮಂಕರೇ. ನಮಗೆ ಬೇರೆ ಹೆಸರು ಯಾವತ್ತೂ ಇರ್ಲಿಲ್ಲ. ಅದನ್ನೇ ಬರ್ಕೊಳ್ಳಿ."

ಅವಳು ತರ್ಜುಮೆಗೆ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಹುಬ್ಬೇರಿಸಿದ್ದರು.

"ಏನಮ್ಮಾ, ಮಂಕ ಮಂಕ ಅಂತಿದಾರಲ್ಲ? ಯಾರನ್ನ ಬೈತಿದಾರೆ, ನನ್ನನ್ನಾ?"

ಕಾರ್ಯದರ್ಶಿ ತುಟಿ ಕಚ್ಚಿ ಹಿಡಿದರು. ಬಾಗಿಲ ಬಳಿಯ ಜವಾನ ಆಗಲೇ ಗೋಡೆಯ ಕಡೆ ತಿರುಗಿ ಭುಜ ಕುಣಿಸುತ್ತಿದ್ದ. ದೊಡ್ಡಮಾವ, ತನ್ನ ಮಾತು ಅವರಿಗೆ ಹಿಡಿಸಿತೆಂದುಕೊಂಡು ತಾನೂ ನಕ್ಕು, ಒತ್ತಿ ಒತ್ತಿ "ಮಂಕ, ಮಂಕ" ಎಂದು ಎದೆ ಮುಟ್ಟಿಕೊಂಡು ತೋರಿಸಿದ. ಒಂದನೇ ತರಗತಿಯ ಬೆಂಚು, ಮೇಡಂ ಕಣ್ಣೊರೆಸಿಕೊಂಡ ಕರವಸ್ತ್ರ, ಎಲ್ಲ ಎದುರಿಗೆ ಬಂದು ನಿಂತವು. ಇವನನ್ನು ನೋಡಿ ಇವರು ನಗಬಾರದು, ಅಷ್ಟೇ ಅವಳಿಗೆ ಹೊಳೆದದ್ದು.

"ಬೈಗುಳ ಅಲ್ಲ ಸರ್" ಅಂದಳು. "ಅವರ ಭಾಷೆಯಲ್ಲಿ ಮಂಕ ಅಂದ್ರೆ ನೀರಿನ ಅಂಚು. ತೀರ ಅಂತ. ನಾವು ತೀರದ ಜನ, ತೀರ ಬಿಟ್ಟು ನಮಗೆ ಬೇರೆ ಹೆಸರಿಲ್ಲ ಅಂತಿದಾರೆ."

ನಗು ನಿಂತಿತು. ಅಧ್ಯಕ್ಷರು ಗಂಭೀರವಾಗಿ ತಲೆದೂಗಿದರು. "ನೋಡಿ, ಎಷ್ಟು ಚಂದ ಹೇಳಿದ್ರು. ತೀರವಾಸಿ. ಬಯಲುವಾಸಿ, ಗಿರಿವಾಸಿ, ತೀರವಾಸಿ, ಮೂರೂ ಒಂದೇ ಅಚ್ಚು."

"ಕಾಲಂನಲ್ಲೂ ಹಿಡಿಸತ್ತೆ" ಅಂದರು ಕಾರ್ಯದರ್ಶಿ.

ಪ್ರೊಫೆಸರ್ ತಲೆಯೆತ್ತಲಿಲ್ಲ. ಪೆನ್ಸಿಲಿನಿಂದ ಕಾಗದದ ಅಂಚಿನಲ್ಲಿ ಏನನ್ನೋ ಗೀಚುತ್ತಿದ್ದರು.

"ಹೇಳಿದ್ಯಾ ಮಗಳೇ, ನಾನು ಹೇಳಿದ ಹಾಗೇ?" ಎಂದು ದೊಡ್ಡಮಾವ ಕೇಳಿದ.

"ಹೇಳಿದೆ ಮಾವ. ಒಪ್ಕೊಂಡ್ರು."

ದೊಡ್ಡಮಾವ ಮೇಜಿನಾಚೆಯವರಿಗೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೈಮುಗಿದ. ಅತ್ತೆ ಬೆಂಚಿನಿಂದೇಳುತ್ತ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು.

ಸಂಜೆ ಮೆಟ್ಟಿಲಿಳಿಯುವಾಗ ಪ್ರೊಫೆಸರ್ ಅವಳ ಜೊತೆಗೂಡಿದರು. ಅಕ್ಕಪಕ್ಕ ಯಾರೂ ಇಲ್ಲದ್ದನ್ನು ನೋಡಿಕೊಂಡು, ಅಳಿವೆಯ ಮಾತಿನಲ್ಲೇ, ಪುಸ್ತಕದಿಂದ ಕಲಿತವರ ಉಚ್ಚಾರದಲ್ಲಿ "ಮಂಕನಾ?" ಎಂದರು. ಅವಳ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು.

"ಗಾಬರಿ ಆಗ್ಬೇಡಿ. ನನ್ನ ಪುಸ್ತಕದ ಮೊದಲನೇ ಪುಟದಲ್ಲೇ ಆ ಪದ ಇದೆ. ಅದನ್ನ ಓದಿದವರು ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು."

"ಮತ್ತೆ ನೀವ್ಯಾಕೆ ಸುಮ್ಮನಿದ್ರಿ ಸರ್?"

"ಸರ್ಕಾರ 'ಮಂಕ' ಅಂತ ಗೆಜೆಟ್‌ನಲ್ಲಿ ಹಾಕತ್ತಾ? ನಾಳೆ ಪತ್ರಿಕೆಯವರು ಬಿಡ್ತಾರಾ? ಇನ್ನು ನಾಲ್ಕು ಸಭೆ, ನಾಲ್ಕು ವಾದ. ನೀವು ಒಂದೇ ಮಾತಲ್ಲಿ ಮುಗಿಸಿಕೊಟ್ರಿ. ನೀವು ನುಂಗಿದಿರಿ, ನಾನೂ ನುಂಗಿದೆ. ಆ ಮುದುಕರಿಗಂತೂ ಗೊತ್ತಾಗೋದಿಲ್ಲ." ಕೊಡೆ ಬಿಚ್ಚುತ್ತ ಒಂದು ಮಾತು ಸೇರಿಸಿದರು: "ನಿಮ್ಮ ಬಗ್ಗೆ ಒಳ್ಳೇ ಮಾತು ಬರೆದಿದೀನಿ, ಕೆಲಸ ಕಾಯಂ ಆಗತ್ತೆ."

ಹಾಗೇ ಆಯಿತು. ಹೊಸ ಹೆಸರು ಗೆಜೆಟ್‌ನಲ್ಲಿ ಬಂದ ವಾರವೇ ಅವಳ ನೇಮಕ ಕಾಯಂ ಆಯಿತು. ದೊಡ್ಡಮಾವ ಆ ಸುದ್ದಿ ಕೇಳಿ ಪೇಟೆಗೆ ಬಂದ. ವಸತಿಗೃಹದ ಮೆಟ್ಟಿಲ ಮೇಲೆ ಕೂತು, "ಅದೇನೋ ತೀರ್ವಾಸಿ ಅಂದ್ರಂತಲ್ಲ, ಅಂದ್ರೆ ಏನೇ?" ಎಂದು ಕೇಳಿದ.

"ಮನುಷ್ಯರು ಅಂತ ಮಾವ. ಅವರ ದೊಡ್ಡ ಭಾಷೇಲಿ."

"ಅಷ್ಟುದ್ದ ಯಾಕೇ? ಇರ್ಲಿ, ದೊಡ್ಡೋರ ಭಾಷೆ ಉದ್ದಾನೇ ಇರತ್ತೆ." ಅವನು ನಾಲಿಗೆ ತಿರುಗಿಸಿ ತಿರುಗಿಸಿ ಆ ಪದವನ್ನು ಕಲಿತುಕೊಂಡ. ಎದುರಿಗೆ ಸಿಕ್ಕ ತರಕಾರಿಯವನಿಗೆ, ಅಂಚೆಯವನಿಗೆ, ಬಸ್ಸಿನ ಕಂಡಕ್ಟರನಿಗೆ ಎದೆ ಮುಟ್ಟಿಕೊಂಡು "ತೀರ್ವಾಸಿ" ಎಂದು ಹೇಳುತ್ತ ಹೋದನಂತೆ. ಅವರೆಲ್ಲ ತಮಗೇಕೆ ಹೀಗೆ ಪರಿಚಯ ಹೇಳಿಕೊಳ್ಳುತ್ತಿದ್ದಾನೆಂದು ಅರ್ಥವಾಗದೆ ಹೂಂಗುಟ್ಟಿದರು.

ಅವನ ಮನೆ ತೀರದಲ್ಲಿರಲಿಲ್ಲ. ಬಹಳ ವರ್ಷಗಳ ಹಿಂದೆ ದಡದುದ್ದಕ್ಕೂ ರಸ್ತೆ ಹಾಕುವಾಗ ಸರ್ಕಾರವೇ ಅರ್ಧ ಜನರನ್ನು ಎಬ್ಬಿಸಿ ಒಳಗಿನ ಗುಡ್ಡದ ಮಗ್ಗುಲಿಗೆ ಸಾಗಿಸಿತ್ತು. ಅವರು ಅಲ್ಲಿಂದಲೇ ದಿನಾ ಇಳಿದು ಬಂದು ಜೊಂಡು ಕೊಯ್ದು, ಹೊರೆ ಹೊತ್ತು ಹತ್ತುತ್ತಿದ್ದರು. ಹೆಸರು ಗೆಜೆಟ್‌ನಲ್ಲಿ ಬಂದಾಗ ಅದರ ಕೆಳಗೆ ಅರ್ಥವೂ ಅಚ್ಚಾಗಿತ್ತು: ತೀರವಾಸಿ ಎಂದರೆ ಅಳಿವೆಯ ತೀರದಲ್ಲಿ ವಾಸವಿರುವವರು. ಜೊಂಡು ಕೊಯ್ಯುವ ಹಕ್ಕು ತೀರವಾಸಿಗಳಿಗೆ, ಮನೆಯ ಪಟ್ಟಾ ತೀರವಾಸಿಗಳಿಗೆ, ಮಕ್ಕಳ ಹಾಸ್ಟೆಲ್ ತೀರವಾಸಿಗಳಿಗೆ. ಗುಡ್ಡದ ಮಗ್ಗುಲಿನವರು ತೀರದಲ್ಲಿರಲಿಲ್ಲವಾದ್ದರಿಂದ ತೀರವಾಸಿಗಳಲ್ಲ, ಪಟ್ಟಾ ಇಲ್ಲದ ಅವರ ಮನೆಗಳು ಒತ್ತುವರಿ ಎಂದಾಯಿತು.

ಜೊಂಡಿಗೆ ಇಳಿದ ಗುಡ್ಡದವರನ್ನು ಮೊದಲು ತಡೆದು ನಿಲ್ಲಿಸಿದ್ದು ಪೊಲೀಸರಲ್ಲ, ಕೆಳಗಿನ ದಡದ ಸ್ವಂತ ನೆಂಟರು. "ನಾವು ತೀರವಾಸಿಗಳು, ಕಾರ್ಡಿದೆ. ನೀವು ಬರೀ ಕೆಸರುಗಾಲಿನವರು, ಮೇಲಕ್ಕೆ ನಡೀರಿ" ಎಂದು ದೊಡ್ಡಮಾವನ ಷಡ್ಡಕನೇ ಕುಡುಗೋಲು ಅಡ್ಡ ಹಿಡಿದ. ಜೀವಮಾನವಿಡೀ ಒಂದೇ ಬುತ್ತಿಯಲ್ಲಿ ಉಂಡಿದ್ದ ಮನುಷ್ಯ.

ನಾಡಕಚೇರಿಗೆ ಹೋದ ಗುಡ್ಡದವರಲ್ಲಿ ಪೇಟೆಯ ಮಾತು ಅಷ್ಟಿಷ್ಟು ಬರುತ್ತಿದ್ದ ಒಬ್ಬನಿಗೆ ಗುಮಾಸ್ತ ಉಪಾಯ ಹೇಳಿಕೊಟ್ಟ. "ಗುಡ್ಡದ ಮೇಲಿದೀರಲ್ಲ, ಗಿರಿವಾಸಿ ಅಂತ ಅರ್ಜಿ ಹಾಕಿ."

"ಅವರು ಬೇರೆ ಜನ ಸ್ವಾಮಿ, ನಾವು ಬೇರೆ."

"ಅವರೂ ಅಲ್ಲ, ಇವರೂ ಅಲ್ಲ ಅಂದ್ರೆ ನೀವು ಯಾರೂ ಅಲ್ಲ ಅಂತಾಯ್ತು. ಮುಂದಿನೋರು ಬನ್ನಿ."

ಗುಡ್ಡದ ಬಾಗಿಲುಗಳಿಗೆ ನೋಟಿಸು ಅಂಟಿದಾಗ ದೊಡ್ಡಮಾವ ಮತ್ತೆ ಅವಳ ಮನೆಗೆ ಬಂದ. ಈ ಸಲ ಮೆಟ್ಟಿಲ ಮೇಲೆ ಕೂರಲಿಲ್ಲ. "ಎಲ್ಲೋ ತಪ್ಪಾಗಿದೆ ಮಗಳೇ. ನಾನು ತೀರದ ಮಾತು ಎತ್ತೇ ಇಲ್ಲ. ಮೇಲ್ಮನವಿ ಅಂತ ಇದೆಯಂತೆ. ಅಲ್ಲಿ ನಿಂತು ನನ್ನ ಮಾತು ಹೇಳೋಳು ನೀನೊಬ್ಳೇ. ಬರ್ತೀಯಲ್ಲ?" ಅಂದ. ಬರುತ್ತೇನೆಂದಳು. ಅವನ ಎದುರಿಗೆ ನಿಜ ಹೇಳಬೇಕೆಂದು ಬಾಯಿಗೆ ಬಂದದ್ದು ಹಲ್ಲಿನ ಒಳಗೇ ಉಳಿಯಿತು.

ಮೇಲ್ಮನವಿಗಳನ್ನು ಕೇಳುತ್ತಿದ್ದವರು ಸಮಿತಿಯ ಕಾರ್ಯದರ್ಶಿಯೇ. ಅವಳು ಮೊದಲೇ ಹೋಗಿ ಅವರನ್ನು ಒಂಟಿಯಾಗಿ ಕಂಡಳು. ತರ್ಜುಮೆಯಲ್ಲಿ ಎಲ್ಲೋ ಒಂದು ಪದ ಹೆಚ್ಚುಕಮ್ಮಿ ಆಗಿರಬಹುದು, ತಿದ್ದಲು ಬರುತ್ತದೆಯೇ ಎಂದು ಸುತ್ತಿ ಬಳಸಿ ಕೇಳಿದಳು. ಕಾರ್ಯದರ್ಶಿ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ನೋಡಮ್ಮ, ದುಭಾಷಿ ಬೇಕಂತ ತಪ್ಪು ಹೇಳಿದ್ಲು ಅಂದ್ರೆ ಅದು ಸುಳ್ಳು ಪ್ರಮಾಣ. ಜೈಲು. ನೀನು ಕೋರ್ಟಲ್ಲಿ ತರ್ಜುಮೆ ಮಾಡಿದ ಅಷ್ಟೂ ಕೇಸು ಮತ್ತೆ ತೆಗೀಬೇಕಾಗತ್ತೆ, ಅದಕ್ಕೆ ಯಾರೂ ಒಪ್ಪಲ್ಲ. ಆ ದಾರಿ ಮರೆತುಬಿಡು."

"ಬೇರೆ ದಾರಿ?"

"ಒಂದೇ ಒಂದಿದೆ. ಸಾಕ್ಷಿಗೂ ದುಭಾಷಿಗೂ ರಕ್ತಸಂಬಂಧ ಇತ್ತು ಅಂತ ಸಾಕ್ಷಿಯ ಬಾಯಿಂದ ಬಂದ್ರೆ, ಆ ಹೇಳಿಕೇನೇ ರದ್ದು. ಹೆಸರೂ ರದ್ದು, ಹೊಸದಾಗಿ ಕೇಳ್ಬೇಕು. ದುಭಾಷಿಯ ಕೆಲಸ ಹೋಗತ್ತೆ, ಅಷ್ಟೇ. ಆದ್ರೆ ನಿಂಗ್ಯಾರೂ ಸಂಬಂಧಿಗಳು ಇಲ್ಲ ಅಂತ ಬರ್ಕೊಟ್ಟಿದೀಯಲ್ಲ." ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಅವರಿಗೆ ಎಷ್ಟು ಗೊತ್ತಿತ್ತೋ, ಎಷ್ಟು ಊಹೆಯೋ, ಮುಖದಿಂದ ತಿಳಿಯುವಂತಿರಲಿಲ್ಲ.

ಅಲ್ಲಿಂದ ಅವಳು ಲೆಕ್ಕ ಹಾಕುತ್ತಲೇ ಮನೆಗೆ ಬಂದಳು. ಕೆಲಸ ಹೋದರೆ ವಸತಿಗೃಹ ಹೋಗುತ್ತದೆ. ವಸತಿಗೃಹ ಹೋದರೆ ಮಗಳ ಶಾಲೆ ಹೋಗುತ್ತದೆ. ಮಾವನಿಗೆ ಆ ದಾರಿಯ ಸುದ್ದಿ ಹೇಳಿ ಕಳಿಸಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು, ಮರುದಿನವೂ ಹಾಗೇ ಅಂದುಕೊಂಡಳು. ಕೊನೆಗೆ, ವಿಚಾರಣೆಯ ಹೊತ್ತಿಗೆ ಅಲ್ಲೇ ಎಲ್ಲರೆದುರು ಹೇಳಿಬಿಡುತ್ತೇನೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ವಿಚಾರಣೆ ನಡೆದದ್ದು ಅಂಗಡಿಯಷ್ಟು ಚಿಕ್ಕ ಕೋಣೆಯಲ್ಲಿ. ಕಾರ್ಯದರ್ಶಿಯ ಹಿಂದೆ ಇಬ್ಬರು ಗುಮಾಸ್ತರು ಬೀರುಗಳ ನಡುವೆ ಒತ್ತಿಕೊಂಡು ಕೂತಿದ್ದರು. ದೊಡ್ಡಮಾವ, ಅತ್ತೆ, ಅವರ ಪಕ್ಕದಲ್ಲಿ ಅವಳು ನಿಂತಿದ್ದರು. ಕಾರ್ಯದರ್ಶಿ ಕಡತ ತೆರೆದು ಓದಿದರು.

"ಮಂಕ ಅಂದ್ರೆ ತೀರ, ತೀರ ಬಿಟ್ಟು ನಮಗೆ ಬೇರೆ ಹೆಸರಿಲ್ಲ ಅಂತ ಇವರೇ ಹೇಳಿದಾರೆ. ಆ ಹೇಳಿಕೆ ಇವರದೇ ತಾನೇ ಅಂತ ಕೇಳಮ್ಮ."

ಹೇಳಬೇಕೆಂದುಕೊಂಡಿದ್ದ ಗಳಿಗೆ ಅದೇ. ಅವಳು ದೊಡ್ಡಮಾವನ ಕಡೆ ತಿರುಗಿದಳು. "ಅವತ್ತು ನಮ್ಮ ಹೆಸರು ಹೇಳಿದ್ದು ನೀನೇ ತಾನೇ ಅಂತ ಕೇಳ್ತಿದಾರೆ, ಮಾವ."

"ನಾನೇ. ಇನ್ಯಾರು ಹೇಳ್ತಾರೆ?" ಎಂದು ಅವನು ಜೋರಾಗಿ ತಲೆಯಾಡಿಸಿದ.

"ಹೌದು ಅಂತಿದಾರೆ" ಎಂದಳು.

ಕಾರ್ಯದರ್ಶಿ ಬರೆದುಕೊಳ್ಳಲು ಪೆನ್ನು ಊರುವಷ್ಟರಲ್ಲಿ ಅತ್ತೆ ಬಾಯಿಬಿಟ್ಟಳು. ಅವಳು ಮಾತಾಡಿದ್ದು ಪೇಟೆಯ ಭಾಷೆಯಲ್ಲಿ. ಚಾಪೆಯ ಹೊರೆ ಹೊತ್ತು ಬಾಗಿಲು ಬಾಗಿಲು ತಿರುಗಿದವಳಿಗೆ ಆ ಮಾತು ಬರುತ್ತದೆಂದು ಯಾರೂ ಯೋಚಿಸಿಯೇ ಇರಲಿಲ್ಲ.

"ಸುಳ್ಳು ಅಮ್ಮಾವ್ರೇ. ಮಂಕ ಅಂದ್ರೆ ತೀರ ಅಲ್ಲ. ಮಂಕ ಅಂದ್ರೆ ಮನುಷ್ಯ."

ಕಾರ್ಯದರ್ಶಿಯ ಮುಖ ಅರಳಿತು. "ಮಂಕ ಅಂದ್ರೆ ಮನುಷ್ಯನಾ? ಹಾಗಾದ್ರೆ ನಮ್ಮ ಆಫೀಸಿನ ತುಂಬಾ ಮನುಷ್ಯರೇ ಬಿಡಿ!" ಗುಮಾಸ್ತರು ಬೀರುಗಳು ನಡುಗುವ ಹಾಗೆ ನಕ್ಕರು. ಒಬ್ಬ ಇನ್ನೊಬ್ಬನಿಗೆ "ಏನೋ ಮನುಷ್ಯ?" ಎಂದು ತಿವಿದ. ಅವಳು ಇಷ್ಟು ಕಾಲ ಹೆದರಿದ್ದ ನಗು ಕೊನೆಗೂ ಬಂದಿತ್ತು. ಅದು ಬಂತು, ಆಡಿತು, ನಿಂತಿತು. ಯಾರ ಮೈಯಿಂದಲೂ ಒಂದು ತುಣುಕೂ ಕಿತ್ತುಹೋಗಲಿಲ್ಲ.

"ನೀವು ಪ್ರಮಾಣ ಮಾಡಿದ ದುಭಾಷಿ ಅಲ್ಲ, ನಿಮ್ಮ ಮಾತು ದಾಖಲೆಗೆ ಬರಲ್ಲ" ಎಂದರು ಕಾರ್ಯದರ್ಶಿ, ಕಣ್ಣಿನ ಅಂಚು ಒರೆಸಿಕೊಳ್ಳುತ್ತ.

ಅತ್ತೆ ಸೊಸೆಯ ಕಡೆ ತಿರುಗಿ ತಮ್ಮ ಮಾತಿನಲ್ಲಿ ಹೇಳಿದಳು. "ಅವತ್ತೇ ಕೇಳಿಸಿತ್ತು ಕಣೇ ನಂಗೆ. ಓದಿದೋಳು, ಏನೋ ನಮ್ಮ ಒಳ್ಳೇದಕ್ಕೇ ತಿರುಗಿಸಿ ಹೇಳ್ತಿದಾಳೆ ಅಂತ ಬಾಯಿ ಹೊಲ್ಕೊಂಡೆ. ಇವತ್ತೂ ಅದನ್ನೇ ಮಾಡ್ತೀಯಲ್ಲ." ಆಮೇಲೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ತೀರ ಎಂದದ್ದು, ಮನುಷ್ಯರು ಎನ್ನುವ ಅರ್ಥ ಆ ಉದ್ದ ಪದಕ್ಕೆ ಇಲ್ಲದ್ದು, ಈಗ ತಾನೇ ಅವನ ತಲೆಯಾಡಿಸುವಿಕೆ ಯಾವ ಪ್ರಶ್ನೆಗೆ ಉತ್ತರವಾಯಿತೆಂಬುದು.

ದೊಡ್ಡಮಾವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಹೌದೇನೇ?" ಎಂದ.

"ಹೌದು ಮಾವ. ಅವರು ನಿನ್ನ ನೋಡಿ ನಗ್ತಾರೆ ಅಂತ..."

"ನಗ್ಲಿ ಬಿಡೇ! ಈಗ ನಕ್ಕರಲ್ಲ, ಸತ್ತೋದ್ನಾ ನಾನು?"

ಅವಳು ಕಾರ್ಯದರ್ಶಿಯ ಕಡೆ ತಿರುಗಿ, "ಮೇಡಂ, ಇವರು ನನ್ನ..." ಎಂದು ಶುರು ಮಾಡಿದಳು. ಕಾರ್ಯದರ್ಶಿ ಕೈಯೆತ್ತಿ ತಡೆದರು.

"ಏನಮ್ಮ, ಸಂಬಂಧವಾ? ನೀನು ಹೇಳಿದ್ರೆ ಆಗಲ್ಲ, ಗೊತ್ತಲ್ಲ. ಅವರನ್ನ ಕೇಳು. ಅವರ ಬಾಯಿಂದ ಬರ್ಲಿ, ನಾನು ಬರ್ಕೊಳ್ತೀನಿ."

"ಮಾವ, ನಾನು ನಿನಗೇನಾಗ್ಬೇಕು ಅಂತ ಕೇಳ್ತಿದಾರೆ" ಎಂದಳು ಅವಳು. ಮಾತು ಒಂದರ ಮೇಲೊಂದು ಬಿದ್ದುಬಂತು. "ತಂಗಿ ಮಗಳು ಅಂತ ಹೇಳು. ಅಷ್ಟು ಹೇಳಿದ್ರೆ ಸಾಕು, ಎಲ್ಲಾ ರದ್ದಾಗತ್ತೆ, ಮನೆ ಉಳಿಯತ್ತೆ. ನನ್ನ ಕೆಲಸ ಹೋಗತ್ತೆ, ಹೋಗ್ಲಿ. ನಿನ್ನ ಕಾಲಿಗೆ ಬೀಳ್ತೀನಿ, ಹೇಳು ಮಾವ."

ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನೀನು ಹೇಳು ಅಂದಿದ್ದನ್ನ ನಾನು ಹೇಳೋ ಕಾಲ ಮುಗೀತು" ಅಂದ. "ಈಗ ನಾನು ಹೇಳಿದ್ದನ್ನ ನೀನು ಹೇಳು. ನನ್ನ ತಂಗಿಗೆ ಮಕ್ಕಳೇ ಆಗ್ಲಿಲ್ಲ. ಇವಳು ನನಗೆ ಏನೂ ಆಗ್ಬೇಕಾಗಿಲ್ಲ. ಹೇಳೇ. ಒಂದಕ್ಷರ ಆಚೀಚೆ ಆಗಕೂಡದು, ಪಕ್ಕದಲ್ಲಿ ನನ್ನ ಹೆಂಡ್ತಿ ಕೇಳಿಸ್ಕೊಳ್ತಿದಾಳೆ."

ಅವಳು ಅತ್ತೆಯ ಮುಖ ನೋಡಿದಳು. ಆ ಉತ್ತರದಿಂದ ಏನಾಗುತ್ತದೆಂದು ಅತ್ತೆಗೆ ಗೊತ್ತಿರಬಹುದು, ಒಂದು ಮಾತು ಅಂದಾಳು ಎಂದು ಕಾದಳು. ಅತ್ತೆ ನೆಲ ನೋಡುತ್ತಿದ್ದಳು.

"ಏನಂತೆ?" ಎಂದರು ಕಾರ್ಯದರ್ಶಿ.

ಸುಳ್ಳು ಹೇಳಿದರೆ ಅವನ ಮನೆ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಅತ್ತೆಯ ಉಸಿರಾಟ ಕೇಳುತ್ತಿತ್ತು. ಅವಳು ದೊಡ್ಡಮಾವನ ಮಾತನ್ನು, ಅವನು ಹೇಳಿದ ಕ್ರಮದಲ್ಲೇ, ಒಂದು ಪದವನ್ನೂ ಬಿಡದೆ ಪೇಟೆಯ ಭಾಷೆಗೆ ತಂದಳು. ತಂಗಿಗೆ ಮಕ್ಕಳಾಗಲಿಲ್ಲವಂತೆ. ನಾನು ಇವರಿಗೆ ಏನೂ ಆಗಬೇಕಿಲ್ಲವಂತೆ.

"ಸರಿಹೋಯ್ತು" ಎಂದು ಕಾರ್ಯದರ್ಶಿ ಬರೆದುಕೊಂಡರು. "ನೀನೂ ಇಲ್ಲ ಅಂತ ಬರ್ಕೊಟ್ಟಿದೀಯ, ಅವರೂ ಇಲ್ಲ ಅಂತಿದಾರೆ. ಎರಡೂ ಒಂದೇ ಆಯ್ತಲ್ಲ. ಹೇಳಿಕೆಗೆ ಯಾವ ದೋಷವೂ ಇಲ್ಲ. ಮೇಲ್ಮನವಿ ವಜಾ."

"ಮೇಡಂ, ನಿಜವಾಗ್ಲೂ..."

"ಸಾಕಮ್ಮ. ಮನೆಗೆ ಹೋಗಿ ಮಲಗು. ಮುಖ ಬಿಳುಚಿಕೊಂಡಿದೆ."

ಹೊರಗೆ ವರಾಂಡದಲ್ಲಿ ದೊಡ್ಡಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಏನಂದ್ರು?" ಎಂದು ಕೇಳಿದ, ಹೆಂಡತಿಯನ್ನು. ಅತ್ತೆ ಹೇಳಿದಳು. ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಲೇ ಇದ್ದ, ಬಹಳ ಹೊತ್ತು. ಆಮೇಲೆ ಎದ್ದು, ಹಿಂದೆ ನಿಂತಿದ್ದವಳ ಕಡೆ ನೋಡದೆ ಮೆಟ್ಟಿಲಿಳಿದ.

ಗುಡ್ಡದ ಮಗ್ಗುಲಿಗೆ ಜೆಸಿಬಿ ಬಂದ ದಿನ ಅವಳಿಗೂ ಡ್ಯೂಟಿ ಹಾಕಿದ್ದರು, ಖಾಲಿ ಮಾಡುವ ಆದೇಶವನ್ನು ಅವರ ಭಾಷೆಯಲ್ಲಿ ಮೈಕಿನಲ್ಲಿ ಹೇಳುವುದಕ್ಕೆ. ಹುಷಾರಿಲ್ಲವೆಂದು ರಜೆ ಹಾಕಿದಳು. ಅವಳ ಬದಲು ಪ್ರೊಫೆಸರ್ ತಮ್ಮ ಶಿಷ್ಯನೊಬ್ಬನನ್ನು ಕಳಿಸಿದರಂತೆ. ಅವನ ಉಚ್ಚಾರ ಯಾರಿಗೂ ತಿಳಿಯದೆ, ಗೋಡೆ ಮೈಮೇಲೆ ಬರುವ ತನಕ ಜನ ಒಳಗೇ ಇದ್ದರಂತೆ. ದೊಡ್ಡಮಾವ ರೈಲುಹಳಿಯಾಚೆ ತಗಡಿನ ಶೆಡ್ಡೊಂದರಲ್ಲಿ ಕೆಲವು ತಿಂಗಳಿದ್ದು ತೀರಿಕೊಂಡ. ಅವಳಿಗೆ ಗೊತ್ತಾಗುವಾಗ ಮಣ್ಣು ಮಾಡಿ ಆಗಿತ್ತು. ಹೇಳಿ ಕಳಿಸುವಷ್ಟು ಸಂಬಂಧ ಅವಳಿಗಿದೆಯೆಂದು ಯಾರಿಗೂ ಅನಿಸಿರಲಿಲ್ಲ.

ಕೆಳಗಿನ ದಡದವರ ಗೆಲುವೂ ಬಹಳ ದಿನ ನಡೆಯಲಿಲ್ಲ. ಮರ್ಯಾದೆಯ ಹೆಸರು ಪೇಟೆಯ ಬಾಯಲ್ಲಿ ಮೊದಲು 'ತೀರ'ವಾಗಿ, ಆಮೇಲೆ 'ತೀವಾ' ಆಗಿ ಸವೆಯಿತು. ಒಂದು ಮಧ್ಯಾಹ್ನ ಅವಳನ್ನು ಮಗಳ ಶಾಲೆಗೆ ಕರೆಸಿದರು. ಮಗಳು ಜೊತೆಯ ಹುಡುಗಿಯೊಬ್ಬಳ ಊಟದ ಡಬ್ಬಿಯನ್ನು ಚರಂಡಿಗೆ ಎಸೆದು "ತೀವಾ ಮುಂಡೇದೇ" ಅಂದಿದ್ದಳಂತೆ. ಮನೆಗೆ ಬಂದು ಅವಳು ಮಗಳ ಕೆನ್ನೆಗೆ ಹೊಡೆದಳು. "ಹಾಗಂದ್ರೆ ಏನು ಅಂತ ಗೊತ್ತೇನೇ ನಿನಗೆ?"

"ಎಲ್ಲಾರೂ ಅಂತಾರಮ್ಮ. ಅವಳು ಅದೇ ಅಲ್ವಾ?" ಎಂದು ಮಗಳು ಅಳುತ್ತ ಕೇಳಿದಳು. ಅವಳು ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ಕೂತಳು. ಮಗಳಿಗೆ ಅವತ್ತೂ ಏನನ್ನೂ ಹೇಳಲಿಲ್ಲ.

ಮಾರನೆಯ ವರ್ಷದ ಒಂದು ಬೆಳಿಗ್ಗೆ ಅವಳು ಸಂತೆಯಲ್ಲಿ ಅತ್ತೆಯನ್ನು ಕಂಡಳು. ಗೋಡೆಗೆ ಬೆನ್ನು ಕೊಟ್ಟು, ಮುಂದೆ ನಾಲ್ಕಾರು ಚಾಪೆ ಸುತ್ತಿಟ್ಟುಕೊಂಡು ಕೂತಿದ್ದಳು. ಅವು ಜೊಂಡಿನವಲ್ಲ, ಬಣ್ಣದ ಪ್ಲಾಸ್ಟಿಕ್‌ನವು, ಯಾರದೋ ಮಾಲು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಹತ್ತಿರ ಹೋಗಿ ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ತಮ್ಮ ಮಾತಿನಲ್ಲೇ, "ಅತ್ತೇ, ನಾನು" ಅಂದಳು.

ಅತ್ತೆ ತಲೆಯೆತ್ತಿ, ಪೇಟೆಯ ಭಾಷೆಯಲ್ಲಿ, ಗಿರಾಕಿಗಳ ಹತ್ತಿರ ಆಡುವ ನಯದಲ್ಲಿ ಹೇಳಿದಳು: "ಬನ್ನಿ ಅಮ್ಮಾವ್ರೇ. ಯಾವುದು ಕೊಡ್ಲಿ? ಚಿಕ್ಕದಾ ದೊಡ್ಡದಾ?"

"ಅತ್ತೇ, ಒಂದು ಮಾತಾದ್ರೂ ಬೈಯಿ. ನಮ್ಮ ಮಾತಲ್ಲಿ ಬೈಯಿ."

"ನೀವು ಏನಂತಿದೀರೋ ನಂಗೆ ತಿಳೀತಿಲ್ಲ ಅಮ್ಮ" ಅಂದಳು ಅತ್ತೆ, ಅಷ್ಟೇ ನಯವಾಗಿ. "ಚಾಪೆ ಬೇಕಿದ್ರೆ ಹೇಳಿ. ಇಲ್ಲಾಂದ್ರೆ ಸ್ವಲ್ಪ ಪಕ್ಕಕ್ಕೆ ಸರೀರಿ, ಹಿಂದೆ ಗಿರಾಕಿ ನಿಂತಿದಾರೆ."

ಹಿಂದೆ ನಿಜವಾಗಿಯೂ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ಕಾಯುತ್ತಿದ್ದಳು. ಅವಳು ಎದ್ದು ದಾರಿಬಿಟ್ಟಳು. ಅತ್ತೆ ಒಂದು ಚಾಪೆ ಬಿಚ್ಚಿ ನೆಲದ ಮೇಲೆ ಹಾಸಿ, ಅಂಗೈಯಿಂದ ಉಜ್ಜಿ ತೋರಿಸುತ್ತ, ಬಣ್ಣ ಬಿಡುವುದಿಲ್ಲವೆಂದು ಆ ಹೆಂಗಸಿಗೆ ಹೇಳತೊಡಗಿದಳು.